ಒಂದು ಗೇಣು ಕೆಳಗೆ

ಕೋಲ್ಕತ್ತದವರ ಬಾಯಲ್ಲಿ ಅಲಿಪುರ ಎಂದರೆ ಮೊದಲು ಹವಾಮಾನ. ಮೃಗಾಲಯ, ರಾಷ್ಟ್ರೀಯ ಗ್ರಂಥಾಲಯ, ಈಗ ವಸ್ತುಸಂಗ್ರಹಾಲಯವಾಗಿರುವ ಹಳೆಯ ಜೈಲು ಎಲ್ಲವೂ ಇಲ್ಲೇ ಇವೆ. ಆದರೂ ಸಂಜೆಗೆ ಕಾಲಬೈಶಾಖಿ ಬಿರುಗಾಳಿ ಬೀಸುತ್ತದೆಯೇ, ನಾಳೆ ಸೆಕೆ ಎಷ್ಟು, ಗಾಳಿಯಲ್ಲಿ ತೇವ ಎಷ್ಟು ಎಂಬುದಕ್ಕೆಲ್ಲ ಊರು ಕಿವಿಗೊಡುವುದು ಅಲಿಪುರದ ಹವಾಮಾನ ಕಚೇರಿಗೆ. ಇಲ್ಲಿಂದ ಆದಿಗಂಗೆಯ ಸೇತುವೆ ದಾಟಿ, ರೇಸ್‌ಕೋರ್ಸ್ ಬದಿಯಿಂದ ಮೈದಾನದ ಉದ್ದಕ್ಕೂ ಉತ್ತರಕ್ಕೆ ಹೋದರೆ ಹೂಗ್ಲಿ ನದಿಯ ಹತ್ತಿರ ಈಡನ್ ಗಾರ್ಡನ್ಸ್ ಸಿಗುತ್ತದೆ. ಅಲಿಪುರದವರು ದಿನವೂ ಅಳೆಯುವ ಈ ಗಾಳಿಯಲ್ಲೇ ಅಲ್ಲಿ ಚೆಂಡು ದಾರಿ ಬದಲಿಸುತ್ತದೆ.

1999ರ ಫೆಬ್ರವರಿ 16ರಂದು ಅದು ಬದಲಿಸಿದ ದಾರಿಯನ್ನು ಕರ್ನಾಟಕದವರು ಮರೆಯುವುದು ಕಷ್ಟ. ಏಷ್ಯನ್ ಟೆಸ್ಟ್ ಚಾಂಪಿಯನ್‌ಷಿಪ್ಪಿನ ಮೊದಲ ಪಂದ್ಯ, ಎದುರಾಳಿ ಪಾಕಿಸ್ತಾನ. ಹೊಸ ಚೆಂಡು ಹಿಡಿದವರು ಜಾವಗಲ್ ಶ್ರೀನಾಥ್ ಮತ್ತು ವೆಂಕಟೇಶ್ ಪ್ರಸಾದ್. ಪಾಕಿಸ್ತಾನದ ಮೊತ್ತ 26 ಆಗುವಷ್ಟರಲ್ಲಿ ಆರು ವಿಕೆಟ್ ಉರುಳಿದ್ದವು. ಮೊದಲ ಇನಿಂಗ್ಸ್‌ನಲ್ಲಿ 46ಕ್ಕೆ 5, ಎರಡನೆಯದರಲ್ಲಿ 86ಕ್ಕೆ 8, ಒಟ್ಟು 132 ರನ್ನಿಗೆ 13 ವಿಕೆಟ್ ಶ್ರೀನಾಥ್ ಪಾಲಿಗೆ ಬಂದವು. ಇಷ್ಟಾದರೂ ಸಯೀದ್ ಅನ್ವರ್ ಔಟಾಗದೆ ಹೊಡೆದ 188 ರನ್ ಭಾರವಾಗಿ, ಭಾರತ 46 ರನ್ನಿನಿಂದ ಸೋತಿತು. ಸಚಿನ್ ರನ್‌ಔಟ್ ಆದ ರೀತಿಗೆ ಜನ ಸಿಡಿದೆದ್ದರು. ಪೊಲೀಸರು ಎಲ್ಲರನ್ನೂ ಹೊರಗೆ ಕಳಿಸಿ, ಖಾಲಿ ಕ್ರೀಡಾಂಗಣದಲ್ಲಿ ಪಂದ್ಯ ಮುಗಿಸಬೇಕಾಯಿತು. ಗಲಾಟೆಯ ಕಥೆಯೇ ದೊಡ್ಡದಾಗಿ, ಶ್ರೀನಾಥ್ ಎಸೆದ ಚೆಂಡಿನ ಕಥೆ ಹಿಂದೆ ಸರಿಯಿತು. ಅದಕ್ಕೆ ಸಲ್ಲಬೇಕಾದಷ್ಟು ಗೌರವ ಇವತ್ತಿಗೂ ಸಂದಿಲ್ಲ ಎಂದೇ ನನ್ನ ಭಾವನೆ.

ಶ್ರೀನಾಥರ ಸಹಜ ಎಸೆತ ಬಲಗೈ ದಾಂಡಿಗನ ಒಳಕ್ಕೆ ನುಗ್ಗುವಂಥದ್ದು. ಬಲಗೈಯಿಂದ ಹೊರಟು, ಗಾಳಿಯಲ್ಲಿ ಸ್ವಲ್ಪ ನೇರವಾಗಿ ಬಂದು, ಕೊನೆಯಲ್ಲಿ ಬ್ಯಾಟಿನ ಹಿಡಿಯತ್ತ ತಿರುಗುತ್ತದೆ. ಭೂಗೋಳದ ಇನ್ನೊಂದು ಬದಿಯಲ್ಲಿ, ನೆಲಕ್ಕೆ ಪುಟಿಯದೆ ನೇರ ಬ್ಯಾಟಿಗೆ ಬರುವ ಚೆಂಡಿನ ಆಟದಲ್ಲಿ, ಇದಕ್ಕೆ ಒಬ್ಬ ಒಡಹುಟ್ಟಿದವನಿದ್ದಾನೆ. ಅಮೆರಿಕದ ಬೇಸ್‌ಬಾಲ್‌ನಲ್ಲಿ ಅವನ ಹೆಸರು ಸಿಂಕರ್. ಅದೂ ಬಲಗೈಯಿಂದ ಬಲಗೈ ದಾಂಡಿಗನ ಒಳಕ್ಕೆ ಸರಿಯುತ್ತದೆ, ಸರಿಯುತ್ತಲೇ ಕೆಳಗಿಳಿಯುತ್ತದೆ. ವೇಗದ ಎಸೆತವೇ ಹೌದು, ಆದರೆ ಅದರ ಗುಣ ವೇಗದಲ್ಲಿಲ್ಲ.

ಬೇಸ್‌ಬಾಲ್ ಚೆಂಡನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು. ಸುತ್ತಳತೆ 23 ಸೆಂಟಿಮೀಟರ್, ತೂಕ 142ರಿಂದ 149 ಗ್ರಾಂ. ನಮ್ಮ ಕ್ರಿಕೆಟ್ ಚೆಂಡಿಗಿಂತ ಹತ್ತು ಹದಿನೈದು ಗ್ರಾಂ ಹಗುರ. ಕ್ರಿಕೆಟ್ ಚೆಂಡಿನಲ್ಲಿ ಸೀಮ್ ನಡುವಿನಲ್ಲಿ ಒಡ್ಯಾಣದಂತೆ ನೇರವಾಗಿ ಸುತ್ತಿದ್ದರೆ, ಇಲ್ಲಿ ಕೆಂಪು ದಾರದ 108 ಜೋಡಿ ಹೊಲಿಗೆಗಳು ಬಿಳಿ ಚರ್ಮದ ಮೇಲೆ ಬಳುಕುತ್ತಾ ಹೋಗುತ್ತವೆ. ಒಂದು ಕಡೆ ಎರಡು ಸಾಲು ದೂರ ಸರಿದು ಕುದುರೆ ಲಾಳದ ಆಕಾರ ತಾಳುತ್ತವೆ, ಇನ್ನೊಂದು ಕಡೆ ಬೆರಳಗಲಕ್ಕೆ ಹತ್ತಿರ ಬರುತ್ತವೆ. ಸಾಮಾನ್ಯ ವೇಗದ ಎಸೆತಕ್ಕೆ ತೋರುಬೆರಳು, ನಡುಬೆರಳನ್ನು ಲಾಳದ ಹೊಲಿಗೆಯ ಮೇಲೆ ಅಡ್ಡಲಾಗಿ ಇಡುತ್ತಾರೆ. ಆಗ ಚೆಂಡು ಒಮ್ಮೆ ಸುತ್ತುವಷ್ಟರಲ್ಲಿ ನಾಲ್ಕು ಸಲ ಹೊಲಿಗೆ ಗಾಳಿಯನ್ನು ಸೀಳುತ್ತದೆ. ಅದು ಫೋರ್-ಸೀಮ್. ಸಿಂಕರ್‌ಗೆ ಅದೇ ಎರಡು ಬೆರಳನ್ನು ಹತ್ತಿರ ಬಂದಿರುವ ಸಾಲುಗಳ ಉದ್ದಕ್ಕೆ ಇಡುತ್ತಾರೆ. ಒಂದು ಸುತ್ತಿಗೆ ಎರಡೇ ಸಲ ಹೊಲಿಗೆ ಎದುರಾಗುತ್ತದೆ. ಆದ್ದರಿಂದ ಟೂ-ಸೀಮ್ ಎಂದೂ ಕರೆಯುತ್ತಾರೆ. ಚೆಂಡನ್ನು ಬಿಡುವಾಗ ತೋರುಬೆರಳಿನ ಒತ್ತಡ ತುಸು ಹೆಚ್ಚು. ಮಣಿಕಟ್ಟನ್ನು ಬಲವಂತವಾಗಿ ತಿರುಚಬೇಕಿಲ್ಲ. ತೋಳು ತನ್ನ ಪಾಡಿಗೆ ಬೀಸಿದರೆ ಸಾಕು.

ಚೆಂಡೆಸೆಯುವ ಪಿಚರ್ ನಿಲ್ಲುವ ದಿಬ್ಬದ ಪಟ್ಟಿಗೂ ದಾಂಡಿಗನ ಮುಂದಿನ ಹಲಗೆಗೂ 60 ಅಡಿ 6 ಅಂಗುಲ ಅಂತರ. 1893ರಿಂದ ಈ ಅಳತೆ ಬದಲಾಗಿಲ್ಲ. ಗಂಟೆಗೆ 150 ಕಿಲೋಮೀಟರ್ ವೇಗದ ಚೆಂಡು ಸುಮಾರು 0.4 ಸೆಕೆಂಡಿನಲ್ಲಿ ಅಲ್ಲಿಗೆ ಮುಟ್ಟುತ್ತದೆ. ಗುರುತ್ವವೊಂದೇ ಕೆಲಸ ಮಾಡಿದ್ದರೆ ಅಷ್ಟರಲ್ಲಿ ಅದು 80 ಸೆಂಟಿಮೀಟರಿನಷ್ಟು ಕೆಳಗಿಳಿಯಬೇಕು. ಫೋರ್-ಸೀಮ್ ಅಷ್ಟು ಇಳಿಯುವುದಿಲ್ಲ. ಹಿಮ್ಮುಖವಾಗಿ ಗಿರಗಿರನೆ ತಿರುಗುವ ಚೆಂಡಿಗೆ ಗಾಳಿ ಮೇಲ್ಮುಖ ಬಲ ಕೊಡುತ್ತದೆ. ಇಳಿತ ಅರ್ಧಕ್ಕರ್ಧ ತಗ್ಗುತ್ತದೆ. ದಾಂಡಿಗನ ಕಣ್ಣಿಗೆ ಅದು ಮೇಲೇಳುತ್ತಿರುವಂತೆ ತೋರಿದರೂ ನಿಜವಾಗಿ ಮೇಲೇಳುವುದಿಲ್ಲ. ಸಿಂಕರ್‌ನಲ್ಲಿ ಸುತ್ತುವಿಕೆಯ ಅಕ್ಷ ಪಕ್ಕಕ್ಕೆ ವಾಲಿರುತ್ತದೆ. ಮೇಲೆತ್ತುವ ಬಲದ ಒಂದು ಪಾಲು ಪಕ್ಕಕ್ಕೆ ತಳ್ಳುವುದರಲ್ಲಿ ಖರ್ಚಾಗುತ್ತದೆ. ಹೀಗಾಗಿ ಅದೇ ಕೈ, ಹೆಚ್ಚುಕಡಿಮೆ ಅದೇ ವೇಗ, ಅದೇ ತೋಳಿನ ಬೀಸು ಇದ್ದರೂ ಚೆಂಡು ಬಂದು ಸೇರುವುದು ಸುಮಾರು ಒಂದು ಗೇಣು ಕೆಳಗೆ.

ಒಂದು ಗೇಣು ಕಡಿಮೆಯೇನಲ್ಲ. ಬೇಸ್‌ಬಾಲ್ ಬ್ಯಾಟು ಕೋಲಿನಂತೆ ದುಂಡಗಿರುತ್ತದೆ, ಅತ್ಯಂತ ದಪ್ಪನೆಯ ಕಡೆಯೂ ಅದರ ಅಡ್ಡಳತೆ 6.6 ಸೆಂಟಿಮೀಟರ್ ಮೀರುವಂತಿಲ್ಲ. ದುಂಡು ಕೋಲು ದುಂಡು ಚೆಂಡಿಗೆ ತಗಲುವಾಗ ಎರಡು ಸೆಂಟಿಮೀಟರ್ ಲೆಕ್ಕ ತಪ್ಪಿದರೂ ಫಲವೇ ಬೇರೆ. ದಾಂಡಿಗ ಚೆಂಡಿನ ನಡುವಿಗೆ ಗುರಿಯಿಟ್ಟು ಬೀಸುತ್ತಾನೆ. ಚೆಂಡು ಅಷ್ಟರಲ್ಲಿ ತಗ್ಗಿರುತ್ತದೆ. ಬ್ಯಾಟು ಅದರ ನೆತ್ತಿಗೆ ಬಡಿಯುತ್ತದೆ. ಚೆಂಡು ನೆಲಕ್ಕೆ ಕುಟ್ಟಿಸಿಕೊಂಡು ಹತ್ತಿರದ ಫೀಲ್ಡರ್ ಕಡೆ ಉರುಳುತ್ತದೆ. ಅವನು ಎತ್ತಿ ಎಸೆದರೆ ಒಬ್ಬ ಔಟ್. ಮೊದಲ ಬೇಸಿನಲ್ಲಿ ಓಟಗಾರನಿದ್ದರೆ ಎರಡನೆಯ ಬೇಸಿಗೆ ಎಸೆದು, ಅಲ್ಲಿಂದ ಮೊದಲನೆಯದಕ್ಕೆ ಎಸೆದು, ಒಂದೇ ಚೆಂಡಿಗೆ ಇಬ್ಬರು ಔಟ್.

ಸಿಂಕರ್ ಎಸೆಯುವವನ ಈ ಮನೋಧರ್ಮ ನನಗೆ ತುಂಬ ಹಿಡಿಸುತ್ತದೆ. ಬ್ಯಾಟನ್ನು ತಪ್ಪಿಸುವುದು ಅವನ ಗುರಿಯಲ್ಲ. ಹೊಡೆ, ಆದರೆ ನಾನು ಹೇಳಿದ ಕಡೆ ಹೊಡೆ ಎಂಬುದು ಅವನ ನಿಲುವು. ತನ್ನ ಹಿಂದೆ ನಿಂತ ಏಳು ಜನರ ಮೇಲೆ ಅವನು ಭರವಸೆ ಇಡುತ್ತಾನೆ. ಗ್ರೆಗ್ ಮ್ಯಾಡಕ್ಸ್ ಈ ಪರಂಪರೆಯ ಶಿಖರ. 1992ರಿಂದ 1995ರವರೆಗೆ ಸತತ ನಾಲ್ಕು ವರ್ಷ ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಗೆದ್ದವರು, 355 ಗೆಲುವುಗಳನ್ನು ಕಂಡವರು. ಅವರ ಕಾಲದ ಎಷ್ಟೋ ಪಿಚರ್‌ಗಳು ಅವರಿಗಿಂತ ವೇಗವಾಗಿ ಎಸೆಯುತ್ತಿದ್ದರು. ಮ್ಯಾಡಕ್ಸ್ ಅವರ ಟೂ-ಸೀಮ್ ಮಾತ್ರ ಹಲಗೆಯ ಅಂಚನ್ನು ಸವರಿಕೊಂಡು ಬರುತ್ತಿತ್ತು. ಅವರ ದಾಖಲೆಯಲ್ಲಿ ಇನ್ನೊಂದು ಅಂಕಿ ಇದೆ: ತಮ್ಮ ಸ್ಥಾನದ ಅತ್ಯುತ್ತಮ ಫೀಲ್ಡರ್‌ಗೆ ಸಿಗುವ ಗೋಲ್ಡ್ ಗ್ಲವ್ ಪ್ರಶಸ್ತಿ 18 ಸಲ. ನೆಲದ ಮೇಲೆ ಚೆಂಡು ಉರುಳಿಸುವ ಪಿಚರ್‌ಗೆ ತಾನೂ ಬಗ್ಗಿ ಎತ್ತಲು ಬರಬೇಕಲ್ಲವೇ?

ತೈವಾನಿನ ಚಿಯೆನ್-ಮಿಂಗ್ ವಾಂಗ್ ಇದೇ ಎಸೆತವನ್ನು ನೆಚ್ಚಿ ನ್ಯೂಯಾರ್ಕ್ ಯಾಂಕೀಸ್ ತಂಡಕ್ಕೆ 2006 ಮತ್ತು 2007ರಲ್ಲಿ ತಲಾ 19 ಪಂದ್ಯ ಗೆದ್ದುಕೊಟ್ಟರು. ಬಾಲ್ಟಿಮೋರ್ ಓರಿಯಲ್ಸ್‌ನ ಎಡಗೈ ಪಿಚರ್ ಜ್ಯಾಕ್ ಬ್ರಿಟನ್ 2016ರಲ್ಲಿ ಹೆಚ್ಚುಕಡಿಮೆ ಇದೊಂದೇ ಎಸೆತದಲ್ಲಿ, ಕೊನೆಯ ಘಳಿಗೆಯಲ್ಲಿ ಉಳಿಸಿಕೊಡಬೇಕಾದ 47 ಪಂದ್ಯಗಳಲ್ಲಿ 47ನ್ನೂ ಉಳಿಸಿದರು. ಆ ವರ್ಷ ಅಕ್ಟೋಬರ್ 4ರಂದು ಟೊರಾಂಟೊದಲ್ಲಿ ಸೋತರೆ ಮನೆಗೆ ಎನ್ನುವ ಪಂದ್ಯ. ಸಮಬಲದಲ್ಲೇ 11ನೆಯ ಇನಿಂಗ್ಸ್‌ವರೆಗೆ ಎಳೆಯಿತು. ಮ್ಯಾನೇಜರ್ ಬಕ್ ಶೋವಾಲ್ಟರ್, ಮುನ್ನಡೆ ಸಿಕ್ಕ ಮೇಲೆ ಇಳಿಸೋಣವೆಂದು ಬ್ರಿಟನ್ ಅವರನ್ನು ಕಾದಿರಿಸಿದರು. ಮುನ್ನಡೆ ಸಿಗಲೇ ಇಲ್ಲ. ಬೇರೊಬ್ಬ ಪಿಚರ್ ಎಸೆದ ಚೆಂಡನ್ನು ಎಡ್ವಿನ್ ಎನ್‌ಕಾರ್ನಾಸಿಯಾನ್ ಗ್ಯಾಲರಿಗೆ ಅಟ್ಟಿದರು. ಮೂರು ರನ್, ಕಥೆ ಮುಗಿಯಿತು. ಆ ವರ್ಷದ ಅತ್ಯುತ್ತಮ ಸಿಂಕರ್ ಅವತ್ತು ಒಂದು ಸಲವೂ ಕೈಯಿಂದ ಹೊರಡಲಿಲ್ಲ. ಬೇಸ್‌ಬಾಲ್ ಮಂದಿ ಆ ತೀರ್ಮಾನವನ್ನು ಇವತ್ತಿಗೂ ಎತ್ತಾಡುತ್ತಾರೆ.

ಆ ಹೊತ್ತಿಗೆ ಸಿಂಕರ್‌ಗೆ ಕೆಟ್ಟ ಕಾಲವೂ ಶುರುವಾಗಿತ್ತು. ದಾಂಡಿಗರು ಬ್ಯಾಟನ್ನು ಕೆಳಗಿನಿಂದ ಮೇಲಕ್ಕೆ ಬೀಸುವುದನ್ನು ರೂಢಿಸಿಕೊಂಡು, ತಗ್ಗಿ ಬರುವ ಚೆಂಡನ್ನೇ ಎತ್ತಿ ಬಾರಿಸತೊಡಗಿದರು. ಅಮೆರಿಕದ ಅತ್ಯುನ್ನತ ಬೇಸ್‌ಬಾಲ್ ಪಂದ್ಯಾವಳಿಯಾದ ಮೇಜರ್ ಲೀಗ್‌ನಲ್ಲಿ, ಚೆಂಡನ್ನು ಗ್ಯಾಲರಿಗೆ ಅಟ್ಟಿದ ಹೋಮ್‌ರನ್‌ಗಳು 2017ರಲ್ಲಿ 6,105, 2019ರಲ್ಲಿ 6,776. ತಂಡಗಳು ಎತ್ತರದ ಫೋರ್-ಸೀಮ್ ಕಡೆಗೆ ವಾಲಿದವು. ಸಿಂಕರ್ ಮುಗಿದ ಅಧ್ಯಾಯ ಎಂದವರೂ ಇದ್ದರು. ಅದು ಮುಗಿಯಲಿಲ್ಲ, ಮತ್ತೆ ಬಂತು. ಹಾಗೆ ಬರಲು ಒಂದು ಕಾರಣವನ್ನು ಒದಗಿಸಿದ ಯಂತ್ರ ನಮಗೆ ಚೆನ್ನಾಗಿ ಪರಿಚಿತ.

ಅದನ್ನು ಹೇಳುವ ಮೊದಲು ಗಾಳಿಯ ಮಾತು. ಈಡನ್‌ನಲ್ಲಿ ಮೋಡ ಕವಿದು ತೇವ ಹೆಚ್ಚಿದರೆ ಗಾಳಿ ಭಾರವಾಗಿ ಚೆಂಡು ಹೆಚ್ಚು ಸ್ವಿಂಗ್ ಆಗುತ್ತದೆ ಎಂದು ನಾವೆಲ್ಲ ವೀಕ್ಷಕ ವಿವರಣೆಯಲ್ಲಿ ಕೇಳುತ್ತಲೇ ಬೆಳೆದವರು. ಆದರೆ ತೇವದ ಗಾಳಿ ಒಣಗಾಳಿಗಿಂತ ಹಗುರ ಎನ್ನುತ್ತದೆ ಭೌತವಿಜ್ಞಾನ. ನೀರಿನ ಅಣುವಿನ ತೂಕ 18, ಗಾಳಿಯ ಸರಾಸರಿ 29. ಅಲಿಪುರದ ಕಚೇರಿ ಬೆವರಿಳಿಸುವ ತೇವಾಂಶ ದಾಖಲಿಸಿದ ದಿನವೂ ವ್ಯತ್ಯಾಸ ಶೇಕಡಾ ಒಂದೆರಡರಷ್ಟೇ, ಅದೂ ಹಗುರವಾಗುವ ಕಡೆಗೆ. ಮೋಡದ ದಿನ ನೆಲ ಕಾಯದೆ, ಬಿಸಿಗಾಳಿ ಮೇಲೇಳುವ ಕಲಕಾಟ ತಗ್ಗಿ, ಚೆಂಡಿನ ಸುತ್ತಲಿನ ಗಾಳಿ ಶಾಂತವಾಗಿರುವುದು ಸ್ವಿಂಗ್‌ಗೆ ನೆರವಾಗಬಹುದು ಎಂಬುದು ಸಂಶೋಧಕರ ಒಂದು ವಿವರಣೆ.

ಗಾಳಿಯ ಸಾಂದ್ರತೆಯಲ್ಲಿ ನಿಜವಾದ ವ್ಯತ್ಯಾಸ ತರುವುದು ಎತ್ತರ. ಕೋಲ್ಕತ್ತ ಹೆಚ್ಚುಕಡಿಮೆ ಸಮುದ್ರಮಟ್ಟದಲ್ಲಿದೆ, ಬೆಂಗಳೂರು 900 ಮೀಟರ್ ಮೇಲೆ. ಬೆಂಗಳೂರಿನ ಗಾಳಿ ಸುಮಾರು ಹತ್ತನೇ ಒಂದು ಭಾಗದಷ್ಟು ತೆಳು. ತಿರುಗುವ ಚೆಂಡಿನ ಮೇಲೆ ಗಾಳಿಯ ಹಿಡಿತವೂ ಅಷ್ಟೇ ಸಡಿಲ. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಸಿಕ್ಸರ್‌ಗಳ ಸುರಿಮಳೆಗೆ ಚಿಕ್ಕ ಬೌಂಡರಿಯ ಜೊತೆಗೆ ಈ ತೆಳು ಗಾಳಿಯ ಪಾಲೂ ಇದೆ. ಅಮೆರಿಕದಲ್ಲಿ ಇದರ ಅತಿರೇಕ 1,600 ಮೀಟರ್ ಎತ್ತರದ ಡೆನ್ವರ್. ಅಲ್ಲಿ ಪಿಚರ್‌ಗಳ ಗೋಳು ಎಷ್ಟೆಂದರೆ, 2002ರಿಂದ ಚೆಂಡುಗಳನ್ನು ತೇವಾಂಶ ಕಾಯ್ದಿಡುವ ಕೋಣೆಯಲ್ಲಿಟ್ಟು ಆಟಕ್ಕೆ ತರುತ್ತಾರೆ. ಅಂದರೆ ಈಡನ್‌ನಲ್ಲಿ ಶ್ರೀನಾಥ್ ಕೈಗೆ ಸಿಕ್ಕಿದ್ದು ಬೆಂಗಳೂರಿನದಕ್ಕಿಂತ ಚೆಂಡಿನ ಮೇಲೆ ಹೆಚ್ಚು ಕೆಲಸ ಮಾಡುವ ಗಾಳಿ.

ಇಂಥ ವಿಷಯ ಓದಲು ಅಲಿಪುರದವರಿಗೆ ಬೆಲ್ವೆಡೇರ್ ಆವರಣದ ರಾಷ್ಟ್ರೀಯ ಗ್ರಂಥಾಲಯ ಕೂಗಳತೆಯಲ್ಲೇ ಇದೆ. ಕನ್ನಡಕ್ಕೂ ಅಲ್ಲೊಂದು ವಿಭಾಗವಿದೆ. ಸ್ವತಂತ್ರ ಭಾರತದಲ್ಲಿ ಆ ಗ್ರಂಥಾಲಯವನ್ನು ಕಟ್ಟಿ ನಿಲ್ಲಿಸಿದ ಮೊದಲ ರಾಷ್ಟ್ರೀಯ ಗ್ರಂಥಪಾಲಕ ಬಳ್ಳಾರಿ ಶಾಮಣ್ಣ ಕೇಶವನ್, ಅದಕ್ಕೂ ಮೊದಲು ಮೈಸೂರಿನಲ್ಲಿ ಅಧ್ಯಾಪಕರಾಗಿದ್ದವರು. ಅವರ ಮಗ, ಇತಿಹಾಸಕಾರ ಮುಕುಲ್ ಕೇಶವನ್, ಕ್ರಿಕೆಟ್ ಬಗ್ಗೆ ಈ ದೇಶದಲ್ಲಿ ಇಂಗ್ಲಿಷಿನಲ್ಲಿ ಬರೆಯುವವರ ಮುಂಚೂಣಿಯಲ್ಲಿದ್ದಾರೆ.

ತಿರುಗುವ ಚೆಂಡು ದಾರಿ ಬಿಡುವುದನ್ನು ನ್ಯೂಟನ್ 1672ರಲ್ಲೇ ಟೆನಿಸ್ ಆಟ ನೆನೆದು ಬರೆದಿದ್ದ. 1852ರಲ್ಲಿ ಜರ್ಮನಿಯ ಮ್ಯಾಗ್ನಸ್ ಪ್ರಯೋಗ ಮಾಡಿ ತೋರಿಸಿದ. ಆ ಪರಿಣಾಮಕ್ಕೆ ಅವನ ಹೆಸರೇ ನಿಂತಿತು. ಬೇಸ್‌ಬಾಲ್ ಬಹುಕಾಲ ಮ್ಯಾಗ್ನಸ್‌ನೊಬ್ಬನನ್ನೇ ನಂಬಿ ಕೂತಿತ್ತು. ಕ್ರಿಕೆಟ್ ಹಾಗಲ್ಲ. ನಮ್ಮ ವೇಗಿಗಳಿಗೆ ಹೊಲಿಗೆಯೇ ಚುಕ್ಕಾಣಿ. ಸೀಮ್ ವಾರೆಯಾಗಿ ನಿಂತಾಗ ಒಂದು ಬದಿಯ ಗಾಳಿ ಹೊಲಿಗೆಗೆ ಎಡವಿ ಕಲಕುತ್ತದೆ, ಕಲಕಿದ ಗಾಳಿ ಚೆಂಡಿನ ಮೈಗೆ ಹೆಚ್ಚು ಹೊತ್ತು ಅಂಟಿಕೊಳ್ಳುತ್ತದೆ, ಚೆಂಡು ಆ ಕಡೆಗೆ ವಾಲುತ್ತದೆ. ಇದನ್ನು ಗಾಳಿಸುರಂಗದಲ್ಲಿ ಪರೀಕ್ಷಿಸಿ 1980ರ ದಶಕದಲ್ಲಿ ಬರೆದವರಲ್ಲಿ ಮುಖ್ಯರು ನಾಸಾದಲ್ಲಿ ಕೆಲಸ ಮಾಡಿದ ರಬೀಂದ್ರ ಮೆಹ್ತಾ. ಶಾಲೆಯಲ್ಲಿ ಇಮ್ರಾನ್ ಖಾನ್ ಜೊತೆ ಆಡಿದವರು.

ಈಗ ಆ ಯಂತ್ರಕ್ಕೆ ಬರೋಣ. 2001ರಲ್ಲಿ ಇಂಗ್ಲೆಂಡಿನ ಟಿವಿಯಲ್ಲಿ ಎಲ್‌ಬಿಡಬ್ಲ್ಯು ತೋರಿಸಲು ಶುರುವಾದ ಹಾಕ್-ಐ ಕ್ಯಾಮೆರಾಗಳನ್ನು ಅಮೆರಿಕದ ಮೇಜರ್ ಲೀಗ್ 2020ರಲ್ಲಿ ತನ್ನ ಎಲ್ಲ ಕ್ರೀಡಾಂಗಣಗಳಲ್ಲಿ ಕೂರಿಸಿತು. ಅಲ್ಲಿಯವರೆಗೆ ಚೆಂಡು ಎತ್ತ ಸರಿಯಿತೋ ಅದನ್ನು ನೋಡಿ, ಹೀಗೇ ತಿರುಗಿರಬೇಕು ಎಂದು ಊಹಿಸುತ್ತಿದ್ದರು. ಹಾಕ್-ಐ ತಿರುಗುವಿಕೆಯನ್ನೇ ನೇರವಾಗಿ ಕಂಡಿತು. ಊಹೆಗೂ ಕಂಡದ್ದಕ್ಕೂ ತಾಳೆಯಾಗಲಿಲ್ಲ. ಸಿಂಕರ್‌ನಲ್ಲಂತೂ ಅಂತರ ಎದ್ದು ಕಾಣುತ್ತಿತ್ತು. ತಿರುಗುವಿಕೆ ಕೊಡಬೇಕಾದ್ದಕ್ಕಿಂತ ಹೆಚ್ಚು ಇಳಿತ, ಹೆಚ್ಚು ಸರಿತ. ಯೂಟಾ ರಾಜ್ಯ ವಿಶ್ವವಿದ್ಯಾಲಯದ ಬಾರ್ಟನ್ ಸ್ಮಿತ್ ತಮ್ಮ ಪ್ರಯೋಗಾಲಯದಲ್ಲಿ ಇದರ ಗುಟ್ಟು ಹಿಡಿದಿದ್ದರು: ಚೆಂಡು ತಿರುಗುತ್ತಿದ್ದರೂ ಹೊಲಿಗೆ ಒಂದೇ ಬದಿಯಲ್ಲಿ ಪದೇ ಪದೇ ಬಂದು ನಿಂತರೆ ಅಲ್ಲಿ ಗಾಳಿ ಬೇಗ ಕಳಚಿಕೊಳ್ಳುತ್ತದೆ, ಚೆಂಡಿನ ಹಿಂದಿನ ಗಾಳಿಯ ಬಾಲ ಒಂದು ಕಡೆಗೆ ವಾಲುತ್ತದೆ, ಚೆಂಡು ಇನ್ನೊಂದು ಕಡೆಗೆ ತಳ್ಳಿಸಿಕೊಳ್ಳುತ್ತದೆ. ಟೂ-ಸೀಮ್ ಹಿಡಿತದಲ್ಲಿ ಇದು ಸುಲಭವಾಗಿ ಒದಗುತ್ತದೆ. ಆಮೇಲೆ ಪಿಚರ್‌ಗಳು ಬೆರಳನ್ನು ಒಂದೆಳೆ ಅತ್ತಿತ್ತ ಸರಿಸಿ ಹೊಲಿಗೆಯನ್ನು ಬೇಕಾದ ಜಾಗಕ್ಕೆ ತರುವ ಅಭ್ಯಾಸಕ್ಕೆ ಬಿದ್ದರು. ಹೊಲಿಗೆ ಗಾಳಿಯನ್ನು ಆಳುತ್ತದೆ ಎಂಬುದು ಈಡನ್‌ನ ನೆಟ್ಸ್‌ನಲ್ಲಿ ಹದಿನಾರರ ಹುಡುಗನಿಗೂ ಗೊತ್ತಿದ್ದ ಸಂಗತಿ.

ಬೇಸ್‌ಬಾಲ್ ಈ ಊರಿಗೆ ತೀರ ಅಪರಿಚಿತವೂ ಅಲ್ಲ. ಎರಡನೆಯ ಮಹಾಯುದ್ಧದಲ್ಲಿ ಕಲ್ಕತ್ತ ಅಮೆರಿಕದ ಸೈನಿಕರಿಂದ ತುಂಬಿತ್ತು. ಮೈದಾನದ ರೆಡ್ ರೋಡ್ ಯುದ್ಧವಿಮಾನಗಳ ರನ್‌ವೇ ಆಗಿತ್ತು. ಬಿಡುವಿನಲ್ಲಿ ಸೈನಿಕರು ತಮ್ಮ ಆಟ ಆಡುತ್ತಿದ್ದರು. ಯುದ್ಧ ಮುಗಿದು ಅವರು ಹೋದರು, ಆಟ ಬೇರೂರಲಿಲ್ಲ.

ಚೆಂಡು ಮತ್ತು ಗಾಳಿಯ ಕಥೆ ಇಷ್ಟಾದರೆ, ಉಳಿದದ್ದು ಕೈಯ ಕಥೆ. ಇಂಡಿಯಾನಾದ ರೈತನ ಮಗ ಮೊರ್ಡೆಕೈ ಬ್ರೌನ್ ಚಿಕ್ಕಂದಿನಲ್ಲಿ ಮೇವು ಕತ್ತರಿಸುವ ಯಂತ್ರಕ್ಕೆ ಕೈಕೊಟ್ಟು ಬಲಗೈಯ ತೋರುಬೆರಳಿನ ಬಹುಭಾಗ ಕಳೆದುಕೊಂಡ. ಆಮೇಲೊಮ್ಮೆ ಬಿದ್ದು ಉಳಿದ ಬೆರಳುಗಳೂ ಸೊಟ್ಟಗಾದವು. ಆ ಕೈಯಿಂದ ಹೊರಟ ಚೆಂಡು ಬೇರೆ ಯಾರಿಂದಲೂ ಆಗದಂತೆ ತಿರುಗಿ ಇಳಿಯುತ್ತಿತ್ತು. ಮೂರು ಬೆರಳಿನ ಬ್ರೌನ್ ಎಂದೇ ಹೆಸರಾಗಿ, 239 ಪಂದ್ಯ ಗೆದ್ದು, 1907 ಮತ್ತು 1908ರಲ್ಲಿ ಶಿಕಾಗೊ ಕಬ್ಸ್‌ಗೆ ವಿಶ್ವ ಸರಣಿ ಗೆದ್ದುಕೊಡುವುದರಲ್ಲಿ ದೊಡ್ಡ ಪಾತ್ರ ವಹಿಸಿದ.

ಇದನ್ನು ಓದುವ ಕನ್ನಡಿಗನಿಗೆ ಭಾಗವತ್ ಚಂದ್ರಶೇಖರ್ ನೆನಪಾಗದೆ ಇರುವುದಿಲ್ಲ. 1945ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಚಂದ್ರ ಅವರ ಬಲತೋಳು ಬಾಲ್ಯದ ಪೋಲಿಯೊದಿಂದ ಸೊರಗಿತ್ತು. ಫೀಲ್ಡಿಂಗ್ ಮಾಡುವಾಗ ಎಡಗೈಯಿಂದ ಎಸೆಯುತ್ತಿದ್ದರು. ಬೌಲಿಂಗ್ ಮಾತ್ರ ಆ ಸೊರಗಿದ ತೋಳಿನಿಂದಲೇ. ಮಧ್ಯಮ ವೇಗಿಯ ರಭಸದಲ್ಲಿ ಬರುವ ಗೂಗ್ಲಿ, ಅದರ ಬೆನ್ನಿಗೆ ಟಾಪ್‌ಸ್ಪಿನ್ನರ್. ಸಿಂಕರ್‌ನಲ್ಲಿ ಮೇಲೆತ್ತುವ ಬಲ ಕಡಿಮೆ, ಅಷ್ಟೇ. ಚಂದ್ರ ಅವರ ಟಾಪ್‌ಸ್ಪಿನ್ನರ್ ಮುಮ್ಮುಖವಾಗಿ ತಿರುಗುವುದರಿಂದ ಗಾಳಿ ಅದನ್ನು ಕೆಳಕ್ಕೇ ಒತ್ತುತ್ತಿತ್ತು. ಗುರುತ್ವಕ್ಕೆ ಗಾಳಿಯೂ ಸೇರಿದ ಇಳಿತ ಅದು.

ಈಡನ್ ಅದನ್ನು ಕಣ್ಣಾರೆ ಕಂಡಿದೆ. 1972ರ ಡಿಸೆಂಬರ್ 30ರಂದು ಶುರುವಾದ ಟೆಸ್ಟ್‌ನಲ್ಲಿ ಇಂಗ್ಲೆಂಡಿಗೆ ಗೆಲ್ಲಲು ಬೇಕಿದ್ದದ್ದು 192. ಮೊದಲ ಇನಿಂಗ್ಸ್‌ನಲ್ಲಿ 65ಕ್ಕೆ 5 ಪಡೆದಿದ್ದ ಚಂದ್ರ ಎರಡನೆಯದರಲ್ಲಿ 42ಕ್ಕೆ 4 ಕಿತ್ತರು, ಬಿಷನ್ ಬೇಡಿಗೆ 5. ಇಂಗ್ಲೆಂಡ್ 163ಕ್ಕೆ ಮುದುಡಿ, ಭಾರತ 28 ರನ್ನಿನಿಂದ ಗೆದ್ದಿತು. ಆ ಸರಣಿಯಲ್ಲಿ ಚಂದ್ರ 35 ವಿಕೆಟ್ ಪಡೆದರು. 58 ಟೆಸ್ಟ್‌ಗಳಲ್ಲಿ 242 ವಿಕೆಟ್ ಅವರ ಒಟ್ಟು ಗಳಿಕೆ. ಸ್ಪೀಡ್‌ಗನ್ ಹಿಡಿದು ಪ್ರತಿಭೆ ಹುಡುಕಲು ಹೊರಟವರು ಅವರ ಕಡೆ ಎರಡನೆಯ ಸಲ ತಿರುಗಿ ನೋಡುತ್ತಿರಲಿಲ್ಲ.

ಹಾಗೆ ಹುಡುಕಲು ಬಂದದ್ದೂ ಉಂಟು. 2008ರಲ್ಲಿ ಅಮೆರಿಕದಿಂದ ಬಂದ ಮಿಲಿಯನ್ ಡಾಲರ್ ಆರ್ಮ್ ಸ್ಪರ್ಧೆ ಊರೂರು ತಿರುಗಿ ಹುಡುಗರ ಕೈಗೆ ಬೇಸ್‌ಬಾಲ್ ಕೊಟ್ಟು, ವೇಗ ಎಷ್ಟು, ಗುರಿ ಸರಿಯೇ ಎಂದು ಅಳೆಯಿತು. ಉತ್ತರ ಪ್ರದೇಶದ ಜಾವೆಲಿನ್ ಎಸೆತಗಾರರಾದ ರಿಂಕು ಸಿಂಗ್, ದಿನೇಶ್ ಪಟೇಲ್ ಆಯ್ಕೆಯಾಗಿ ಪಿಟ್ಸ್‌ಬರ್ಗ್ ಪೈರೇಟ್ಸ್ ಜೊತೆ ಒಪ್ಪಂದ ಮಾಡಿಕೊಂಡರು. ಅಮೆರಿಕದ ವೃತ್ತಿಪರ ಬೇಸ್‌ಬಾಲ್‌ಗೆ ಹೋದ ಮೊದಲ ಭಾರತೀಯರು ಅವರು. ಆ ಹುಡುಗರ ಧೈರ್ಯಕ್ಕೆ ತಲೆಬಾಗಬೇಕು. ಒಂದು ವರ್ಷದ ಹಿಂದೆ ಕಂಡಿರದ ಆಟವನ್ನು ಕಲಿತರು. ಇಬ್ಬರಿಗೂ ಮೇಜರ್ ಲೀಗ್ ದಿಬ್ಬ ಏರಲು ಆಗಲಿಲ್ಲ. 2014ರಲ್ಲಿ ಅವರ ಮೇಲೆ ಸಿನಿಮಾ ಬಂತು.

ಸ್ಪರ್ಧೆ ಹುಡುಕಿದ್ದು ಬರಿಯ ತೋಳನ್ನು. ಈ ದೇಶದಲ್ಲಿ ಹೇರಳವಾಗಿರುವುದು ಬೆರಳು, ಮಣಿಕಟ್ಟು, ಹೊಲಿಗೆಯ ಅರಿವು. ಇಂಥದ್ದೊಂದು ಶೋಧ ಮತ್ತೆ ನಡೆದರೆ ಸ್ಪೀಡ್‌ಗನ್ ಜೊತೆಗೆ ಚೆಂಡಿನ ತಿರುಗುವಿಕೆ ಅಳೆಯುವ ಕ್ಯಾಮೆರಾವನ್ನೂ ತರಲಿ, ಕೋಲ್ಕತ್ತ ಮೈದಾನದ ಕ್ಲಬ್ಬುಗಳ ನೆಟ್ಸ್‌ಗೂ ಮೈಸೂರು, ಹಾಸನ, ಹುಬ್ಬಳ್ಳಿಯ ಕೋಚಿಂಗ್ ಶಿಬಿರಗಳಿಗೂ ಬರಲಿ. ನಮ್ಮ ತರಬೇತುದಾರರಲ್ಲೂ ಒಂದು ಕೋರಿಕೆ. ಹದಿಮೂರು ಹದಿನಾಲ್ಕರ ಹುಡುಗ ಹುಡುಗಿಯರನ್ನು ಎಷ್ಟು ವೇಗ ಎಂದು ಕೇಳಿ ಅಳೆಯುವುದನ್ನು ಇನ್ನು ಸ್ವಲ್ಪ ವರ್ಷ ಮುಂದಕ್ಕೆ ಹಾಕಿ. ಈಗ ಅವರ ಕೈಗೆ ಕ್ರಿಕೆಟ್ ಚೆಂಡಿನ ಜೊತೆಗೆ ಒಂದು ಬೇಸ್‌ಬಾಲನ್ನೂ ಕೊಡಿ. ಎರಡರ ಹೊಲಿಗೆಯ ಮೇಲೂ ಬೆರಳಿಟ್ಟು ಎಸೆದು ನೋಡಲಿ.